ಡಿಗ್ರಿಗೆ ರೆಂಡಿಟ್ಟ ಎಷ್ಟು? ಮುದ್ದೇನಹಳ್ಳಿಯಿಂದ ಎಂಬಿಎ ಸಾಲದವರೆಗೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರು. ಹುಳು ಸಾಕುವ ಮನೆ. ಮಗ ಬಿ.ಕಾಂ ಮುಗಿಸಿ ಪಿಜಿಸಿಇಟಿ ಬರೆದಿದ್ದಾನೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಸೀಟು ಸಿಗುತ್ತದೆ. ಫೀಸು, ಹಾಸ್ಟೆಲ್ ಎಲ್ಲ ಸೇರಿ ಎರಡು ವರ್ಷಕ್ಕೆ ಆರು ಲಕ್ಷ. ಬ್ಯಾಂಕಿನವರು ಸಾಲ ಕೊಡುತ್ತೇವೆ ಅಂದಿದ್ದಾರೆ. ನಾವು ಬೇರೆ ಕೆಲಸಕ್ಕೆ ಆ ಊರಿಗೆ ಹೋಗಿದ್ದಾಗ ಹುಡುಗನ ತಾಯಿ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ವಿಶ್ವೇಶ್ವರಯ್ಯನೋರು ನಮ್ಮ ಜಿಲ್ಲೆಯೋರೇ ಅಲ್ವಾ? ಕಷ್ಟಪಟ್ಟು ಓದಿ ಮೇಲಕ್ಕೆ ಬಂದ್ರು. ನಾವು ಸಾಲ ಮಾಡಿ ಓದಿಸಿದ್ರೆ ತಪ್ಪೇನು?"

ನಮಗೆ ಆಗ ಉತ್ತರ ಹೊಳೆಯಲಿಲ್ಲ. ನಾವು ಓದಿದ್ದು ಪತ್ರಿಕೋದ್ಯಮ. ನಮ್ಮಲ್ಲೇ ಇಬ್ಬರು ಇನ್ನೂ ಓದಿನ ಸಾಲದ ಕಂತು ಕಟ್ಟುತ್ತಿದ್ದೇವೆ. ಆದರೆ ವಾಪಸ್ ಬರುವ ಬಸ್ಸಿನಲ್ಲಿ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ವಿಶ್ವೇಶ್ವರಯ್ಯನವರು ಓದುವುದಕ್ಕೆ ಸಾಲ ಮಾಡಿದ್ದರೇ? ಮಾಡಿರದಿದ್ದರೆ ಅವರ ಓದಿನ ಖರ್ಚು ಯಾರು ಹೊತ್ತರು? ಅದನ್ನೇ ಹುಡುಕಿಕೊಂಡು ಹೋದೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಶಾಲೆಗಳಲ್ಲಿ ಅದೇ ಭಾಷಣ. ಬಡತನ, ಬೀದಿ ದೀಪದ ಬೆಳಕು, ಆಮೇಲೆ ದಿವಾನಗಿರಿ. ನಡುವೆ ಏನಾಯಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಆ ಭಾಗವೇ ಮುಖ್ಯ.

ಮುದ್ದೇನಹಳ್ಳಿಯ ಹುಡುಗ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಹೋಗಿ ಸೆಂಟ್ರಲ್ ಕಾಲೇಜು ಸೇರಿದ. ಊಟ ವಸತಿಗೆ ದಾರಿ ಮಾಡಿಕೊಂಡದ್ದು ಮನೆಪಾಠದಿಂದ. ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಪಾಠ ಹೇಳಿ ಆ ಮನೆಯ ಆಸರೆ ಪಡೆದ. 1881ರಲ್ಲಿ ಬಿ.ಎ. ಪಾಸಾದ. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು.

1881 ಅಂದರೆ ಎಂಥ ಕಾಲ ಅಂತ ಒಂದು ಗಳಿಗೆ ಯೋಚಿಸಿ. ಬ್ರಿಟಿಷರು ಮೈಸೂರನ್ನು ಒಡೆಯರ ಕೈಗೆ ವಾಪಸ್ ಕೊಟ್ಟ ವರ್ಷ ಅದು. 1876ರಿಂದ 78ರ ಭೀಕರ ಬರದಲ್ಲಿ ನಮ್ಮ ಕೋಲಾರ ಸೀಮೆಯೂ ಸೇರಿದಂತೆ ಮೈಸೂರು ನಾಡು ಲಕ್ಷಾಂತರ ಜನರನ್ನು ಕಳೆದುಕೊಂಡಿತ್ತು. ಹೊಸ ಸರ್ಕಾರದ ತಲೆಯ ಮೇಲೆ ಬರ ಪರಿಹಾರದ ಸಾಲವೇ ಸುಮಾರು 80 ಲಕ್ಷ ರೂಪಾಯಿ ಇತ್ತು. ರಂಗಾಚಾರ್ಲು ದಿವಾನರಾಗಿದ್ದರು. ಅಷ್ಟು ಸಾಲವಿದ್ದ ಸರ್ಕಾರ ಮುದ್ದೇನಹಳ್ಳಿ ಹುಡುಗನ ಓದಿಗೆ ದುಡ್ಡು ಕೊಟ್ಟಿತು. ಸಾಲವಾಗಿ ಕೊಡಲಿಲ್ಲ. ಸಾಲದ ಭಾರ ಸರ್ಕಾರದ ಮೇಲಿತ್ತು, ಹುಡುಗನ ಮೇಲಿರಲಿಲ್ಲ.

ಇನ್ನೊಂದು ವಿಷಯ ನಮಗೆ ಗೊತ್ತಿದ್ದೂ ಅದರ ಅರ್ಥ ಹೊಳೆದಿರಲಿಲ್ಲ. ಪುಣೆಯಲ್ಲಿ ಮೊದಲ ಸ್ಥಾನದಲ್ಲಿ ಪಾಸಾದ ವಿಶ್ವೇಶ್ವರಯ್ಯ 1884ರಲ್ಲಿ ಸೇರಿದ್ದು ಮೈಸೂರು ಸರ್ಕಾರವನ್ನಲ್ಲ, ಮುಂಬೈ ಸರ್ಕಾರವನ್ನು. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. 25 ವರ್ಷ ಮೈಸೂರಿನ ದುಡ್ಡು ಬೇರೆಯವರಿಗೆ ಕೆಲಸ ಮಾಡಿತು. ಆ 25 ವರ್ಷಕ್ಕೆ ಬಡ್ಡಿ ಹಾಕಿದವರಿಲ್ಲ, ಮುದ್ದೇನಹಳ್ಳಿ ಮನೆಗೆ ನೋಟಿಸ್ ಕಳಿಸಿದವರಿಲ್ಲ. ಆಮೇಲೆ ಕನ್ನಂಬಾಡಿ ಕಟ್ಟೆ ಬಂತು, ಮೈಸೂರು ಬ್ಯಾಂಕ್ ಬಂತು, ಮೈಸೂರು ವಿಶ್ವವಿದ್ಯಾಲಯ ಬಂತು.

ಆ ತಾಯಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ವಿಶ್ವೇಶ್ವರಯ್ಯ ಕಷ್ಟಪಟ್ಟದ್ದು ನಿಜ. ಆದರೆ ಓದು ಫಲ ಕೊಡದೇ ಹೋದರೆ ನಷ್ಟ ಯಾರದು ಅನ್ನುವ ಭಯ ಅವರ ತಾಯಿಗೆ ಇರಲಿಲ್ಲ.

ಗೌರಿಬಿದನೂರು ಕಡೆಯವರಿಗೆ ಎಚ್. ನರಸಿಂಹಯ್ಯನವರ ಕತೆ ಗೊತ್ತು. ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದವರು. ಹೈಸ್ಕೂಲು ಓದಲು ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್ ನಡೆದೇ ಹೋದರು, ಬಸ್ಸಿಗೆ ಕಾಸಿಲ್ಲದೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿ, ಬಡ ಹುಡುಗರ ಹಾಸ್ಟೆಲಿನಲ್ಲಿದ್ದು ಓದಿದರು. ಭೌತಶಾಸ್ತ್ರದ ಮೇಷ್ಟರಾದರು, ಅಮೆರಿಕದ ಒಹಾಯೊದಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಅವರ ಕಾಳಜಿಯಿಂದಲೇ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂತು. ಅಲ್ಲಿ ಓದಿದ ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಎಷ್ಟೋ ಜನ ದಿನಾ ಊರಿಂದ ಹೋಗಿಬಂದು ಡಿಗ್ರಿ ಮುಗಿಸಿದವರು. ಅವರ ಡಿಗ್ರಿಯ ಮೇಲೆ ಸಾಲವಿರಲಿಲ್ಲ.

ಆ ಕಾಲದ ಓದಿನ ಖರ್ಚು ಹೀಗೆ ಹತ್ತು ಕಡೆ ಹಂಚಿಹೋಗುತ್ತಿತ್ತು. ವಾರದ ಏಳು ದಿನ ಏಳು ಮನೆಯಲ್ಲಿ ಊಟ ಮಾಡುವ ವಾರಾನ್ನ. ಜಾತಿ ಸಂಘಗಳ ಹಾಸ್ಟೆಲ್ಲು. 1970ರ ದಶಕದಲ್ಲಿ ದೇವರಾಜ ಅರಸು ಅವರ ಕಾಲದಿಂದ ಹೋಬಳಿ ಹೋಬಳಿಗೆ ಹಬ್ಬಿದ ಸರ್ಕಾರಿ ಹಾಸ್ಟೆಲ್ಲು. ವಾರಾನ್ನ ಎಲ್ಲ ಜಾತಿಯ ಹುಡುಗರಿಗೂ ಸಿಗುತ್ತಿರಲಿಲ್ಲ, ಹುಡುಗಿಯರಿಗೆ ಕೇಳುವುದೇ ಬೇಡ. ಹಳೆಯ ಕಾಲ ಚೆನ್ನಾಗಿತ್ತು ಅಂತ ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಅರಸು ಕಾಲದ ಹಾಸ್ಟೆಲ್ ಇಲ್ಲದಿದ್ದರೆ ಈ ಬ್ಲಾಗು ಬರೆಯುವ ಅರ್ಧ ಜನರ ಅಪ್ಪಂದಿರು ಏಳನೇ ಕ್ಲಾಸು ದಾಟುತ್ತಿರಲಿಲ್ಲ.

ಇಷ್ಟೆಲ್ಲ ಎಂಜಿನಿಯರು, ಮೇಷ್ಟರ ಮಾತಾಯಿತು. ವ್ಯಾಪಾರದ ಓದು ಎಲ್ಲಿತ್ತು?

ಅಂಗಡಿಯಲ್ಲಿತ್ತು. ಚಿಂತಾಮಣಿಯ ಮಂಡಿಗಳಲ್ಲಿ ಹುಡುಗ ಮೊದಲು ಕಸ ಗುಡಿಸುತ್ತಿದ್ದ, ಆಮೇಲೆ ಮೂಟೆ ಎಣಿಸುತ್ತಿದ್ದ, ಆಮೇಲೆ ತೂಕದ ಚೀಟಿ ಬರೆಯುತ್ತಿದ್ದ. ಕೊನೆಗೆ ಜಮಾಖರ್ಚಿನ ಪುಸ್ತಕ ಕೈಗೆ ಬರುತ್ತಿತ್ತು. ಗುಮಾಸ್ತನಾದ ಮೇಲೆ ಸ್ವಂತ ಅಂಗಡಿಯ ಕನಸು. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೆ ಕಲಿಯುವವನು ಫೀಸು ಕೊಡುತ್ತಿರಲಿಲ್ಲ. ಶಿಡ್ಲಘಟ್ಟದಲ್ಲೂ ಹಾಗೇ. ಗೂಡು ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಅಂತ ಹೇಳುವ ರೀಲರಿಗೆ ಆ ವಿದ್ಯೆ ಬಂದದ್ದು ಯಾವ ಕಾಲೇಜಿನಿಂದಲೂ ಅಲ್ಲ.

ಕಾಲೇಜಿನ ವ್ಯಾಪಾರ ವಿದ್ಯೆ ನಿಧಾನವಾಗಿ ಬಂತು. ದೇಶದ ಮೊದಲ ಎರಡು ಐಐಎಂಗಳು, ಕಲ್ಕತ್ತ ಮತ್ತು ಅಹಮದಾಬಾದಿನವು, ಶುರುವಾದದ್ದು 1961ರಲ್ಲಿ. ಬೆಂಗಳೂರಿಗೆ ಐಐಎಂ ಬಂದದ್ದು 1973ರಲ್ಲಿ. ಸರ್ಕಾರದ ದುಡ್ಡಲ್ಲಿ ನಡೆಯುವ ಸಂಸ್ಥೆ, ಫೀಸು ಮಿತವಾಗಿತ್ತು. 2004ರ ಹೊತ್ತಿಗೆ ಐಐಎಂ ಫೀಸು ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಬಂದಿತ್ತು. ಅಂದಿನ ಕೇಂದ್ರ ಸಚಿವ ಮುರಳಿ ಮನೋಹರ ಜೋಶಿ ಅದನ್ನು 30 ಸಾವಿರಕ್ಕೆ ಇಳಿಸಿ ಎಂದು ಆದೇಶ ಮಾಡಿದರು. ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಸರ್ಕಾರ ಬದಲಾಗಿ ಆದೇಶವೂ ಹೋಯಿತು. ಈಗ ಐಐಎಂ ಬೆಂಗಳೂರಿನ ಎರಡು ವರ್ಷದ ಫೀಸು 24 ಲಕ್ಷ ದಾಟಿದೆ. ಅಲ್ಲಿ ಓದಿದವರಿಗೆ ಸಿಗುವ ಸಂಬಳವೂ ಹಾಗೇ ಇದೆ, ಅವರ ಮಾತು ಬಿಡಿ. ತೊಂದರೆ ಬೇರೆ ಕಡೆ ಇದೆ. ಐಐಎಂ ಹುಡುಗರ ಸಂಬಳದ ಸುದ್ದಿ ಪೇಪರಿನಲ್ಲಿ ಓದಿ, ಬೇರೆ ಯಾವುದೋ ಕಾಲೇಜಿಗೆ ನಾವು ಫೀಸು ಕಟ್ಟುತ್ತೇವೆ. ಎರಡೂ ಕಡೆ ಎಂಬಿಎ ಅನ್ನುವ ಮೂರೇ ಅಕ್ಷರ.

ಫೀಸು ಹೀಗೆ ಮನೆಯ ಮೇಲೆ ಬಿದ್ದದ್ದು ಹೇಗೆ? ಆ ಕತೆಯಲ್ಲಿ ನಮ್ಮ ಕರ್ನಾಟಕದ ಹೆಸರು ಮತ್ತೆ ಮತ್ತೆ ಬರುತ್ತದೆ.

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ತೆರೆದರು. ಪೋಷಕರ ದುಡ್ಡಿನಿಂದಲೇ ಕಾಲೇಜು ನಡೆಸಬಹುದು ಅನ್ನುವುದನ್ನು ತೋರಿಸಿದರು. ಹಿಂದೆಯೇ ರಾಜ್ಯದ ತುಂಬ ಕಾಲೇಜುಗಳು ಎದ್ದವು, ಕ್ಯಾಪಿಟೇಶನ್ ಎಂಬ ಪದ ಹಳ್ಳಿಯವರಿಗೂ ಗೊತ್ತಾಯಿತು. 1984ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಆದರೆ 1989ರ ಸರ್ಕಾರಿ ಆದೇಶವೇ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಅಂತ ಗೆರೆ ಎಳೆಯಿತು. ಅದನ್ನು ಪ್ರಶ್ನಿಸಿ ಉತ್ತರ ಪ್ರದೇಶದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಕ್ಯಾಪಿಟೇಶನ್ ತಪ್ಪು ಅಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಹಂಚಿತು. ಹತ್ತು ವರ್ಷ ಕಳೆಯುವುದರೊಳಗೆ, 2002ರ ಅಕ್ಟೋಬರ್ 31ರಂದು, 11 ನ್ಯಾಯಮೂರ್ತಿಗಳ ಪೀಠ ಆ ಹಂಚಿಕೆಯನ್ನೂ ತೆಗೆದುಹಾಕಿತು. ಖಾಸಗಿ ಕಾಲೇಜು ಲಾಭಕೋರತನ ಮಾಡಬಾರದು, ಆದರೆ ಫೀಸು ತಾನೇ ನಿಗದಿ ಮಾಡಬಹುದು ಅಂದಿತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ರಾಜ್ಯ.

ಅದಕ್ಕೆ ಒಂದು ವರ್ಷ ಮೊದಲಷ್ಟೇ, 2001ರಲ್ಲಿ, ಇವತ್ತಿನ ಎಜುಕೇಶನ್ ಲೋನ್ ಹುಟ್ಟಿತ್ತು. ಅದನ್ನು ರೂಪಿಸಿದ ಬ್ಯಾಂಕುಗಳ ಅಧ್ಯಯನ ತಂಡದ ಮುಖ್ಯಸ್ಥರು ಆರ್.ಜೆ. ಕಾಮತ್, ನಮ್ಮ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷರು. 4 ಲಕ್ಷದವರೆಗೆ ಜಾಮೀನು ಬೇಡ, ಓದು ಮುಗಿಯುವವರೆಗೆ ಕಂತು ಬೇಡ. ಅಡವಿಡಲು ಏನೂ ಇಲ್ಲದ ಮನೆಯ ಮಗುವಿಗೂ ಬ್ಯಾಂಕಿನ ಬಾಗಿಲು ತೆರೆಯಿತು. ಈಗ ಖಾತರಿ ನಿಧಿ ಇರುವುದರಿಂದ ಏಳೂವರೆ ಲಕ್ಷದವರೆಗೂ ಅಡಮಾನ ಕೇಳುವುದಿಲ್ಲ. ಇದು ಸಣ್ಣ ವಿಷಯವಲ್ಲ. ಅದಿಲ್ಲದಿದ್ದರೆ ಎಷ್ಟೋ ನರ್ಸುಗಳು, ಎಂಜಿನಿಯರುಗಳು ನಮ್ಮ ಜಿಲ್ಲೆಯಿಂದ ಹೊರಡುತ್ತಲೇ ಇರಲಿಲ್ಲ.

ಅದಕ್ಕೂ ಮೊದಲು, 1963ರಲ್ಲಿ, ಕೇಂದ್ರ ಸರ್ಕಾರ ಬಡ್ಡಿಯಿಲ್ಲದ 'ಸಾಲ ವಿದ್ಯಾರ್ಥಿವೇತನ' ಅಂತ ಒಂದನ್ನು ಶುರು ಮಾಡಿತ್ತು. ಓದಿ ಮೇಷ್ಟರಾದರೆ ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗ ಮನ್ನಾ. ವಸೂಲಿ ಸರಿಯಾಗಿ ಆಗದೆ ಆ ಯೋಜನೆ ಸೊರಗಿಹೋಯಿತು. ನಮಗೆ ಮಾತ್ರ ಆ ಮನ್ನಾ ಲೆಕ್ಕ ಬಹಳ ಇಷ್ಟವಾಯಿತು. ಓದಿದವನಿಗೆ ಸಂಬಳ ಕಡಿಮೆ, ಊರಿಗೆ ಉಪಯೋಗ ಜಾಸ್ತಿ ಅಂತಾದರೆ ಸಾಲ ತಾನಾಗಿ ಕರಗಬೇಕು ಅನ್ನುವ ಬುದ್ಧಿ ಅದರಲ್ಲಿತ್ತು. 2001ರ ಸಾಲಕ್ಕೆ ಆ ಬುದ್ಧಿ ಇಲ್ಲ. ಅದು ನಿಮ್ಮ ಮಗ ಏನಾದ ಅಂತ ಕೇಳುವುದಿಲ್ಲ, ಕಂತು ಬಂತೇ ಅಂತ ಕೇಳುತ್ತದೆ. ಅಪ್ಪನೋ ಅಮ್ಮನೋ ಜೊತೆ ಸಾಲಗಾರರು. ಕಂತು ತಪ್ಪಿದರೆ ಅವರ ಸಿಬಿಲ್ ಕೂಡ ಕೆಡುತ್ತದೆ, ಮುಂದೆ ಬೆಳೆಸಾಲ ಕೇಳಲು ಹೋದಾಗ ಅದೇ ಅಡ್ಡ ಬರುತ್ತದೆ.

ಈಗ ಆ ತಾಯಿಯ ಆರು ಲಕ್ಷಕ್ಕೆ ಬರೋಣ. ನಾವು ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆವು. ಬಡ್ಡಿ ಶೇ 11 ಅಂತ ಇಟ್ಟುಕೊಂಡೆವು. ನಿಮ್ಮ ಬ್ಯಾಂಕಿನಲ್ಲಿ ಹೆಚ್ಚು ಕಡಿಮೆ ಇರಬಹುದು.

ಮೊದಲ ವರ್ಷ 3 ಲಕ್ಷ, ಎರಡನೇ ವರ್ಷ 3 ಲಕ್ಷ ಬ್ಯಾಂಕು ಕಟ್ಟುತ್ತದೆ. ಓದಿನ ಎರಡು ವರ್ಷ, ಮೇಲೆ ಒಂದು ವರ್ಷ ಕಂತಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಮೂರು ವರ್ಷ ಮುಗಿಯುವಾಗ ಬಡ್ಡಿಯೇ 1,65,000. ಸಾಲ 7,65,000 ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 13,100 ರೂಪಾಯಿ, ಒಟ್ಟು 11 ಲಕ್ಷ. ಕಂತು ಭಾರ ಅಂತ 15 ವರ್ಷಕ್ಕೆ ಎಳೆದರೆ ತಿಂಗಳಿಗೆ 8,700ರ ಆಸುಪಾಸು, ಒಟ್ಟು ಹದಿನೈದೂವರೆ ಲಕ್ಷ ದಾಟುತ್ತದೆ.

ಹುಡುಗ ಹೇಳಿದ: "ಎಂಬಿಎ ಆದ್ಮೇಲೆ 28,000 ಸಿಗುತ್ತೆ ಅಣ್ಣಾ, 13,000 ಕಟ್ಟಿದ್ರೂ 15,000 ಉಳಿಯುತ್ತೆ."

ಇಲ್ಲೇ ಎಲ್ಲರೂ ಎಡವುವುದು. ನಾವೂ ಎಡವಿದ್ದೆವು. ಎಂಬಿಎ ಇಲ್ಲದೆ, ಬರೀ ಬಿ.ಕಾಂ ಇಟ್ಟುಕೊಂಡು ಅವನಿಗೆ ಈಗ 18,000 ರೂಪಾಯಿಯ ಕೆಲಸ ಸಿಗುತ್ತದೆ ಅಂತ ಹಿಡಿಯಿರಿ. ಹಾಗಾದರೆ ಎಂಬಿಎ ತಂದುಕೊಟ್ಟದ್ದು 28,000 ಅಲ್ಲ, 10,000 ಮಾತ್ರ. ಸಾಲ ಕೇಳುವುದು 13,100. ತಿಂಗಳಿಗೆ 3,100 ಕೈಯಿಂದ ಹೋಗುತ್ತದೆ. ಜೊತೆಗೆ ಓದುವ ಎರಡು ವರ್ಷ ದುಡಿಯದೆ ಬಿಟ್ಟ ಸಂಬಳ 4,32,000. ಆಮೇಲೆ ಎಂಬಿಎಯವನ ಸಂಬಳ ಬೇಗ ಏರಬಹುದು, ಐದನೇ ವರ್ಷಕ್ಕೆ ವ್ಯತ್ಯಾಸ 20,000 ಆಗಬಹುದು. ಆಗ ಲೆಕ್ಕ ತಿರುಗುತ್ತದೆ. ಆಗದೆಯೂ ಇರಬಹುದು. 28,000, 18,000 ನಾವು ಹಿಡಿದ ಅಂಕಿ. ನಿಮ್ಮ ಮನೆಗೆ ನಿಮ್ಮ ಅಂಕಿ ಹಾಕಿ ನೋಡಿ.

ಇದನ್ನು ಹೇಳಿದಾಗ ಹುಡುಗನ ತಂದೆ, ಅದುವರೆಗೂ ತಟ್ಟೆ ತಿರುಗಿಸುತ್ತಾ ಸುಮ್ಮನಿದ್ದವರು, "ಅಂದ್ರೆ ರೆಂಡಿಟ್ಟ" ಅಂದರು.

ಹುಳು ಸಾಕದವರಿಗಾಗಿ: ಒಂದು ಕಿಲೊ ರೇಷ್ಮೆ ನೂಲಿಗೆ ಎಷ್ಟು ಕಿಲೊ ಗೂಡು ಬೇಕು ಅನ್ನುವುದೇ ರೆಂಡಿಟ್ಟ. ಏಳೋ ಎಂಟೋ ಬೇಕಾಗುತ್ತದೆ, ಒಳ್ಳೆ ಬೈವೋಲ್ಟೈನ್ ಗೂಡಾದರೆ ಆರರ ಸುತ್ತ. ರೀಲರು ಗೂಡಿನ ರಾಶಿ ದೊಡ್ಡದು ಅಂತ ಬೆಲೆ ಕೂಗುವುದಿಲ್ಲ, ನೂಲು ಎಷ್ಟು ಬಿಚ್ಚುತ್ತದೆ ಅಂತ ನೋಡಿ ಕೂಗುತ್ತಾರೆ. ಅವರು ಒಂದು ಮಾತಿನಲ್ಲಿ ಹೇಳಿದ್ದನ್ನು ನಾವು ಒಂದು ಹಾಳೆ ತುಂಬ ಬರೆದಿದ್ದೆವು.

ಅವರಿಗೆ ಬೆಲೆ ಕುಸಿಯುವುದೂ ಗೊತ್ತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಒಂದೇ ಸಲ ಶೇ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಬಂತು, ಗೂಡಿನ ಬೆಲೆ ಬಿತ್ತು, ಶಿಡ್ಲಘಟ್ಟದ ಬೀದಿಗಳಲ್ಲಿ ರೈತರು ಕೂತರು. ದೆಹಲಿಯಲ್ಲಿ ಒಂದು ಸಾಲು ಬರೆದರೆ ಇಲ್ಲಿ ಮನೆ ಅಲ್ಲಾಡುತ್ತದೆ. ಮಗನ ಕಂತು ತಪ್ಪಿದ ತಿಂಗಳು ಅಪ್ಪ ಕಟ್ಟುತ್ತಾನೆ ಅಂತ ಬ್ಯಾಂಕು ನಂಬುವುದು ಈ ಗೂಡಿನ ದುಡ್ಡನ್ನೇ.

ಎರಡು ಮೂರು ಉಪಯೋಗದ ಮಾತನ್ನು ಅವರಿಗೆ ಹೇಳಿದೆವು, ನಿಮಗೂ ಹೇಳುತ್ತೇವೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ, ಎಂಬಿಎಯಂಥ ವೃತ್ತಿ ಕೋರ್ಸಿಗೆ, ಓದಿನ ಅವಧಿ ಮತ್ತು ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಮೇಲಿನ ಲೆಕ್ಕದಲ್ಲಿ ಆ 1,65,000 ಹೋದರೆ ಏಳು ವರ್ಷದ ಕಂತು 13,100ರಿಂದ 10,300ಕ್ಕೆ ಇಳಿಯುತ್ತದೆ. ಆದರೆ ಕಾಲೇಜಿಗೋ ಕೋರ್ಸಿಗೋ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರಬೇಕು, ಸಾಲ ಬ್ಯಾಂಕಿನದ್ದಾಗಿರಬೇಕು. ಫೈನಾನ್ಸ್ ಕಂಪನಿ ಸಾಲಕ್ಕೆ ಇದು ಸಿಗುವುದಿಲ್ಲ. ಆದಾಯ ಪ್ರಮಾಣಪತ್ರ ಹಿಡಿದು ಸಾಲ ಮಂಜೂರಾಗುವಾಗಲೇ ಕೇಳಿ, ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಆಯ್ದ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ವಿಶ್ವವಿದ್ಯಾಲಯದ ಸ್ವಂತ ವಿಭಾಗಗಳಲ್ಲಿ ಎಂಬಿಎ ಫೀಸು ಖಾಸಗಿಗಿಂತ ಬಹಳ ಕಡಿಮೆ, ಆದ್ದರಿಂದ ಪಿಜಿಸಿಇಟಿ ಆಯ್ಕೆ ತುಂಬುವಾಗ ಅವನ್ನು ಮೇಲೆ ಹಾಕಿ.

ಇನ್ನೊಂದು, ಕಾಲೇಜಿನ ಬ್ಯಾನರ್ ಬಗ್ಗೆ. "ಅತಿ ಹೆಚ್ಚು ಪ್ಯಾಕೇಜ್ 12 ಲಕ್ಷ" ಅಂತ ಬರೆದಿದ್ದರೆ ಅದು ಒಬ್ಬನ ಸಂಬಳ. ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಎಷ್ಟು ಅಂತ ಕೇಳಬೇಕು. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಹೋಗುವ ಕಾಲೇಜುಗಳು ಆ ನಡುವಿನ ಸಂಬಳವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಜೊತೆಗೆ ಎಷ್ಟು ಜನ ಸೇರಿದ್ದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದೂ ಅಲ್ಲೇ ಇರುತ್ತದೆ. ಫೋನಿನಲ್ಲೇ ನೋಡಬಹುದು.

ಆ ಮನೆಯವರು ನಮ್ಮ ಎದುರೇ ಹುಡುಕಿದರು. ಅವರ ಕಾಲೇಜಿನ ವೆಬ್‌ಸೈಟಿನಲ್ಲಿ ನಗುವ ಹುಡುಗ ಹುಡುಗಿಯರ ಫೋಟೊ ಇತ್ತು, ಕಂಪನಿಗಳ ಲೋಗೊ ಇತ್ತು, ಅಂಕಿ ಇರಲಿಲ್ಲ. ಫೋನು ಮಾಡಿದರೆ ಕೌನ್ಸೆಲರ್ ಮೇಡಂ, "ಮೊದಲು ಸೀಟು ಬ್ಲಾಕ್ ಮಾಡಿ, ಡೀಟೇಲ್ಸ್ ಆಮೇಲೆ ಕೊಡ್ತೀವಿ" ಅಂದರು.

ತಾಯಿ ಫೋನು ಕೆಳಗಿಟ್ಟು ನಕ್ಕರು. "ಗೂಡು ತೋರಿಸ್ದೇನೇ ರೇಟು ಕೇಳ್ತಾವ್ರೆ ಅನ್ನಿ."

ಹುಡುಗ ಕಾಲೇಜಿಗೆ ಇಮೇಲ್ ಹಾಕಿದ್ದಾನೆ: ಹೋದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು. ಎರಡನೇ ಸುತ್ತಿಗೆ ವಿಶ್ವವಿದ್ಯಾಲಯದ ವಿಭಾಗಗಳನ್ನು ಮೇಲೆ ಹಾಕಿ ಆಯ್ಕೆ ಬದಲಿಸಿದ್ದಾನೆ. ಚಿಕ್ಕಬಳ್ಳಾಪುರದ ಒಂದು ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ಕೆಲಸಕ್ಕೆ ಹುಡುಗರು ಬೇಕು ಅಂತ ಕೇಳಿ ಅಲ್ಲಿಗೂ ಹೋಗಿಬಂದಿದ್ದಾನೆ. ನಾವು ಇದನ್ನು ಬರೆಯುವ ಹೊತ್ತಿಗೆ ಕಾಲೇಜಿನಿಂದ ಉತ್ತರ ಬಂದಿಲ್ಲ. ಫೀಸು ಕಟ್ಟಲು ಇನ್ನು ಆರು ದಿನ ಇದೆ.